ಚಳಿಗಾಲ ಬರುವುದು ಎಲ್ಲರಿಗೂ ಗೊತ್ತಿತ್ತು: ಕೊರಿಯಾ ಯುದ್ಧದ ಬಟ್ಟೆಯ ಲೆಕ್ಕ

ನಮ್ಮ ವ್ಯವಹಾರ ಅಧ್ಯಯನ ಪುಸ್ತಕದಲ್ಲಿ ಯೋಜನೆ ಎಂಬ ಅಧ್ಯಾಯವಿದೆ. ಏನು ಮಾಡಬೇಕು, ಯಾವಾಗ ಮಾಡಬೇಕು, ಹೇಗೆ ಮಾಡಬೇಕು, ಯಾರು ಮಾಡಬೇಕು ಎಂದು ಮೊದಲೇ ನಿರ್ಧರಿಸುವುದೇ ಯೋಜನೆ ಎಂದು ಓದುತ್ತೇವೆ. ಪ್ರತಿ ಯೋಜನೆಯೂ ಮುಂದಿನ ದಿನಗಳ ಬಗ್ಗೆ ಕೆಲವು ಊಹೆಗಳ ಮೇಲೆ ನಿಂತಿರುತ್ತದೆ ಎಂದೂ ಓದುತ್ತೇವೆ. ಉದಾಹರಣೆ ಕೊಡಿ ಎಂದರೆ ನಾವು ಸಾಮಾನ್ಯವಾಗಿ ಬಿಸ್ಕತ್ ಕಾರ್ಖಾನೆ ಅಥವಾ ಛತ್ರಿ ಅಂಗಡಿಯ ಉದಾಹರಣೆ ಬರೆಯುತ್ತೇವೆ. ಈ ಲೇಖನದಲ್ಲಿ ನಾನು ಬೇರೆ ಉದಾಹರಣೆ ತೆಗೆದುಕೊಂಡಿದ್ದೇನೆ. ಅದು 1950ರ ಚಳಿಗಾಲದಲ್ಲಿ ಕೊರಿಯಾದಲ್ಲಿ ಹೋರಾಡಿದ ಸೈನಿಕರ ಕೋಟು, ಕೈಗವಸು, ಕಾಲುಚೀಲ ಮತ್ತು ಬೂಟು.

ಇದು ಇತಿಹಾಸ ವಿಭಾಗದವರ ವಿಷಯ, ವಾಣಿಜ್ಯದವರಿಗೆ ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಬಟ್ಟೆ ಹೊಲಿಸುವುದು, ಅಳತೆ ನೋಡುವುದು, ಗೋದಾಮಿನಲ್ಲಿ ಇಡುವುದು, ಸಮಯಕ್ಕೆ ತಲುಪಿಸುವುದು ಇವೆಲ್ಲ ನಮ್ಮ ಪಾಠಗಳೇ. ಆ ಯುದ್ಧದಲ್ಲಿ ಈ ಪಾಠಗಳು ತಪ್ಪಿದಾಗ ಸಾವಿರಾರು ಜನರ ಕಾಲ್ಬೆರಳು ಹೋದವು, ಸಾವಿರಾರು ಜನರ ಜೀವ ಹೋಯಿತು.

ಹಿನ್ನೆಲೆ

ಕೊರಿಯಾ ಯುದ್ಧ 1950ರ ಜೂನ್ 25ರಂದು ಶುರುವಾಯಿತು. ಉತ್ತರ ಕೊರಿಯಾದ ಸೇನೆ ದಕ್ಷಿಣದ ಮೇಲೆ ದಾಳಿ ಮಾಡಿತು. ದಕ್ಷಿಣದ ನೆರವಿಗೆ ಅಮೆರಿಕದ ಮುಂದಾಳತ್ವದಲ್ಲಿ ವಿಶ್ವಸಂಸ್ಥೆಯ ಪಡೆಗಳು ಬಂದವು. ಅವು ಉತ್ತರದ ಗಡಿಯ ಕಡೆಗೆ ನುಗ್ಗಿದಾಗ, ಅಕ್ಟೋಬರ್ ತಿಂಗಳಲ್ಲಿ ಚೀನಾದ ಸೈನಿಕರು ಯಾಲು ನದಿ ದಾಟಿ ಕೊರಿಯಾದೊಳಗೆ ಬಂದರು.

ಉತ್ತರ ಕೊರಿಯಾದ ಬೆಟ್ಟಗಳ ನಡುವೆ ಒಂದು ದೊಡ್ಡ ಜಲಾಶಯವಿದೆ. ಕೊರಿಯನ್ನರು ಅದನ್ನು ಚಾಂಗ್‌ಜಿನ್ ಎನ್ನುತ್ತಾರೆ. ಅಮೆರಿಕನ್ನರ ಬಳಿ ಇದ್ದ ಜಪಾನಿ ನಕ್ಷೆಗಳಲ್ಲಿ ಅದರ ಹೆಸರು ಚೋಸಿನ್ ಎಂದಿತ್ತು. ಸಮುದ್ರಮಟ್ಟದಿಂದ ಸಾವಿರ ಮೀಟರಿಗಿಂತ ಎತ್ತರದ ಈ ಜಾಗದಲ್ಲಿ ನವೆಂಬರ್ 27ರ ರಾತ್ರಿ ಯುದ್ಧ ಶುರುವಾಗಿ ಎರಡು ವಾರಕ್ಕೂ ಹೆಚ್ಚು ಕಾಲ ನಡೆಯಿತು. ಒಂದು ಕಡೆ ವಿಶ್ವಸಂಸ್ಥೆಯ ಸುಮಾರು 30 ಸಾವಿರ ಸೈನಿಕರು. ಅವರಲ್ಲಿ ಹೆಚ್ಚಿನವರು ಅಮೆರಿಕದ 1ನೇ ಮರೀನ್ ಡಿವಿಜನ್ನಿನವರು. ಇನ್ನೊಂದು ಕಡೆ ಅವರಿಗಿಂತ ಹಲವು ಪಟ್ಟು ಹೆಚ್ಚಿದ್ದ ಚೀನಾದ 9ನೇ ಸೇನಾ ಸಮೂಹ. ರಾತ್ರಿ ಉಷ್ಣಾಂಶ ಮೈನಸ್ 30 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಇಳಿಯುತ್ತಿತ್ತು. ನಮ್ಮ ಮನೆಯ ಫ್ರಿಜ್ಜಿನ ಮೇಲಿನ ಖಾನೆ, ಅಂದರೆ ಐಸ್ ಇಡುವ ಜಾಗ, ಸುಮಾರು ಮೈನಸ್ 18 ಡಿಗ್ರಿ ಇರುತ್ತದೆ. ಅದಕ್ಕಿಂತ ಹೆಚ್ಚಿನ ಚಳಿಯಲ್ಲಿ, ಗಾಳಿ ಬೀಸುವ ಬೆಟ್ಟದ ಮೇಲೆ, ಹೊರಗೆ ಮಲಗುವುದನ್ನು ಊಹಿಸಿ ನೋಡಿ.

ಬಟ್ಟೆ ನಮ್ಮನ್ನು ಹೇಗೆ ಬೆಚ್ಚಗಿಡುತ್ತದೆ?

ಬಟ್ಟೆಗೆ ಸ್ವಂತ ಬಿಸಿ ಇಲ್ಲ. ಬಿಸಿ ಇರುವುದು ನಮ್ಮ ಮೈಯಲ್ಲಿ. ಆ ಬಿಸಿ ಹೊರಗೆ ಹೋಗದಂತೆ ತಡೆಯುವುದಷ್ಟೇ ಬಟ್ಟೆಯ ಕೆಲಸ. ನಿಜವಾಗಿ ತಡೆಯುವುದು ನೂಲು ಕೂಡ ಅಲ್ಲ, ನೂಲುಗಳ ನಡುವೆ ಸಿಕ್ಕಿಕೊಂಡು ಅಲುಗಾಡದೆ ನಿಂತಿರುವ ಗಾಳಿ.

ಇದು ನನಗೆ ಪುಸ್ತಕಕ್ಕಿಂತ ಮೊದಲು ಮನೆಯಲ್ಲೇ ಗೊತ್ತಾದ ವಿಷಯ. ನಮ್ಮದು ಗಾದಿ, ರಜಾಯಿ ಮಾಡುವ ಅಂಗಡಿ. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ. ಗಿರಾಕಿಗಳು ಮೊದಲು ಕೇಳುವುದು, ರಜಾಯಿಗೆ ಎಷ್ಟು ಕೆ.ಜಿ. ಹತ್ತಿ ಹಾಕುತ್ತೀರಿ ಎಂದು. ಎಷ್ಟು ಹಾಕಿದ್ದೇವೆ ಎನ್ನುವುದಕ್ಕಿಂತ ಹೇಗೆ ಹಿಂಜಿದ್ದೇವೆ ಎನ್ನುವುದು ಮುಖ್ಯ ಎಂದು ಅಬ್ಬಾ ಪ್ರತಿ ಸಲವೂ ಹೇಳುತ್ತಾರೆ. ಚೆನ್ನಾಗಿ ಹಿಂಜಿದ ಹತ್ತಿ ಉಬ್ಬಿಕೊಂಡು ಗಾಳಿ ಹಿಡಿಯುತ್ತದೆ. ಹಳೆಯ ರಜಾಯಿಯ ಹತ್ತಿ ಗಂಟುಗಂಟಾಗಿ ಕೂತಿರುತ್ತದೆ. ತೂಕ ಅಷ್ಟೇ ಇದ್ದರೂ ಅದು ಬೆಚ್ಚಗಿರುವುದಿಲ್ಲ. ಅದನ್ನು ಬಿಚ್ಚಿ ಮತ್ತೆ ಹಿಂಜಿದರೆ ಅದೇ ಹತ್ತಿ ಮತ್ತೆ ಬೆಚ್ಚಗಾಗುತ್ತದೆ.

ಎರಡನೆಯ ವಿಷಯ ನೀರು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಬಟ್ಟೆ ಒದ್ದೆಯಾದರೆ ಗಾಳಿ ಇದ್ದ ಜಾಗಕ್ಕೆ ನೀರು ಬರುತ್ತದೆ, ಮೈಯ ಬಿಸಿ ಹೊರಗೆ ಓಡುತ್ತದೆ. ಹತ್ತಿ ನೀರನ್ನು ಬೇಗ ಹೀರುತ್ತದೆ, ಒಣಗಲು ತಡ ಮಾಡುತ್ತದೆ. ಉಣ್ಣೆ ಸ್ವಲ್ಪ ಒದ್ದೆಯಾದರೂ ಒಂದಿಷ್ಟು ಬಿಸಿ ಉಳಿಸಿಕೊಳ್ಳುತ್ತದೆ. ಈ ನೀರು ಮಳೆ ಅಥವಾ ಹಿಮದಿಂದಲೇ ಬರಬೇಕೆಂದಿಲ್ಲ. ನಮ್ಮದೇ ಬೆವರು ಸಾಕು.

ಮೂರನೆಯದು ಗಾಳಿಯ ಬೀಸು. ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸಲ್ ಎಂಬ ಇಬ್ಬರು ಅಮೆರಿಕನ್ನರು ಅಂಟಾರ್ಕ್ಟಿಕಾದಲ್ಲಿ ಒಂದು ಸರಳ ಪ್ರಯೋಗ ಮಾಡಿದರು. ಪ್ಲಾಸ್ಟಿಕ್ ಕೊಳವೆಯಲ್ಲಿ ನೀರಿಟ್ಟು, ಬೇರೆ ಬೇರೆ ಗಾಳಿಯ ವೇಗದಲ್ಲಿ ಅದು ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಎಂದು ಅಳೆದರು. 1945ರಲ್ಲಿ ಪ್ರಕಟವಾದ ಆ ಕೆಲಸದಿಂದಲೇ ಗಾಳಿ ಸೇರಿದ ಚಳಿಯನ್ನು ಲೆಕ್ಕ ಹಾಕುವ ಕ್ರಮ ಬಂತು.

ಬಟ್ಟೆಯ ಬೆಚ್ಚಗಿನ ಗುಣವನ್ನು ಅಳೆಯಲು ಒಂದು ಮಾನವೂ ಇದೆ. ಅದರ ಹೆಸರು ಕ್ಲೋ. 1941ರಲ್ಲಿ ವಿಜ್ಞಾನಿಗಳು ಇದನ್ನು ಸೂಚಿಸಿದರು. 21 ಡಿಗ್ರಿ ಕೋಣೆಯಲ್ಲಿ ಸುಮ್ಮನೆ ಕೂತ ಮನುಷ್ಯನಿಗೆ ಹಿತವೆನಿಸಲು ಬೇಕಾದ ಬಟ್ಟೆ ಒಂದು ಕ್ಲೋ. ಅದು ಹೆಚ್ಚುಕಡಿಮೆ ಕಚೇರಿಗೆ ಹೋಗುವವರ ಒಂದು ಸೂಟಿಗೆ ಸಮ. ವಾಣಿಜ್ಯದ ವಿದ್ಯಾರ್ಥಿಗಳು ಮರೆಯಲಾಗದ ಅಳತೆ ಇದು.

ಅಂದರೆ ಚೋಸಿನ್ ಯುದ್ಧಕ್ಕೆ ಮೊದಲೇ ಈ ವಿದ್ಯೆ ಜಗತ್ತಿಗೆ ಗೊತ್ತಿತ್ತು. ಕೊರತೆ ಇದ್ದದ್ದು ವಿದ್ಯೆಯಲ್ಲಿ ಅಲ್ಲ.

ಅಮೆರಿಕದ ಸೈನಿಕರ ಬಟ್ಟೆ

ಎರಡನೇ ಮಹಾಯುದ್ಧದ ಸಮಯದಲ್ಲಿ ಅಮೆರಿಕದ ಸೇನೆ ಪದರಗಳ ಕ್ರಮವನ್ನು ಅಳವಡಿಸಿಕೊಂಡಿತ್ತು. ಒಂದೇ ದಪ್ಪ ಕೋಟಿನ ಬದಲು ಒಳಗೆ ಉಣ್ಣೆಯ ಒಳಉಡುಪು, ಅದರ ಮೇಲೆ ಉಣ್ಣೆಯ ಅಂಗಿ, ಸ್ವೆಟರ್, ಎಲ್ಲಕ್ಕಿಂತ ಹೊರಗೆ ಒತ್ತಾಗಿ ನೇಯ್ದ, ಗಾಳಿ ನುಗ್ಗದ ಹತ್ತಿಯ ಜಾಕೆಟ್. ಎಂ-1943 ಎಂಬ ಜಾಕೆಟ್ ಈ ಲೆಕ್ಕದಲ್ಲೇ ತಯಾರಾದದ್ದು. ಬೆಟ್ಟ ಹತ್ತುವಾಗ ಒಂದು ಪದರ ತೆಗೆಯಬೇಕು, ನಿಂತಾಗ ಹಾಕಿಕೊಳ್ಳಬೇಕು. ಆಗ ಬೆವರೂ ಬರುವುದಿಲ್ಲ, ಚಳಿಯೂ ಆಗುವುದಿಲ್ಲ. ಇವುಗಳ ಜೊತೆಗೆ ತಲೆಮುಸುಕು ಇರುವ ಪಾರ್ಕಾ ಎಂಬ ಉದ್ದ ಕೋಟು, ಕಿವಿ ಮುಚ್ಚುವ ಟೋಪಿ ಮತ್ತು ಬಂದೂಕಿನ ಕುದುರೆ ಎಳೆಯಲು ಒಂದು ಬೆರಳಿಗೆ ಪ್ರತ್ಯೇಕ ಜಾಗ ಬಿಟ್ಟ ಕೈಗವಸು.

ಕಾಗದದ ಮೇಲೆ ಇದು ಉತ್ತಮ ಪಟ್ಟಿ. ತೊಂದರೆ ಬಂದದ್ದು ಕಾಲಿನಲ್ಲಿ. ಅವರಿಗೆ ಕೊಟ್ಟ ಚಳಿಗಾಲದ ಬೂಟಿನ ಹೆಸರು ಶೂಪ್ಯಾಕ್. ಕೆಳಭಾಗ ರಬ್ಬರು, ಮೇಲ್ಭಾಗ ಚರ್ಮ. ಒಳಗೆ ಫೆಲ್ಟಿನ ಅಟ್ಟೆ ಮತ್ತು ದಪ್ಪ ಉಣ್ಣೆಯ ಕಾಲುಚೀಲ. ರಬ್ಬರು ಹೊರಗಿನ ನೀರನ್ನು ಒಳಗೆ ಬಿಡುವುದಿಲ್ಲ. ಹಾಗೆಯೇ ಒಳಗಿನ ಬೆವರನ್ನು ಹೊರಗೆ ಬಿಡುವುದಿಲ್ಲ. ಸೈನಿಕ ಹಗಲೆಲ್ಲ ನಡೆದಾಗ ಕಾಲು ಬೆವರಿ ಕಾಲುಚೀಲ ಒದ್ದೆಯಾಗುತ್ತಿತ್ತು. ರಾತ್ರಿ ಕಂದಕದಲ್ಲಿ ಅಲುಗಾಡದೆ ಕೂತಾಗ ಅದೇ ಬೆವರು ಮಂಜುಗಡ್ಡೆಯಾಗುತ್ತಿತ್ತು.

ಇದಕ್ಕೆ ಪರಿಹಾರವಾಗಿ ಪ್ರತಿ ಸೈನಿಕನೂ ಎರಡನೇ ಜೊತೆ ಅಟ್ಟೆ ಮತ್ತು ಕಾಲುಚೀಲವನ್ನು ಅಂಗಿಯೊಳಗೆ ಹೊಟ್ಟೆಗೆ ತಾಗಿಸಿ ಇಟ್ಟುಕೊಂಡು ಒಣಗಿಸಬೇಕಿತ್ತು. ದಿನವೂ ಬದಲಾಯಿಸಬೇಕಿತ್ತು. ಆದರೆ ಸುತ್ತ ಗುಂಡು ಹಾರುವಾಗ, ಮೈನಸ್ 30 ಡಿಗ್ರಿಯಲ್ಲಿ ಬೂಟು ಬಿಚ್ಚಿ ಕಾಲುಚೀಲ ಬದಲಾಯಿಸಲು ಯಾರಿಗೆ ಸಮಯವಿತ್ತು? ಒಂದು ವಸ್ತು ಸರಿಯಾಗಿ ಕೆಲಸ ಮಾಡಬೇಕಾದರೆ ಬಳಸುವವನಿಗೆ ಬಿಡುವು ಬೇಕು ಎಂದಾದರೆ, ಆ ಬಿಡುವು ಸಿಗುತ್ತದೆಯೇ ಎಂದು ತಯಾರಿಸುವವರು ಮೊದಲೇ ಕೇಳಿಕೊಳ್ಳಬೇಕು.

ಎಲ್ಲರಿಗೂ ಪೂರ್ತಿ ಬಟ್ಟೆ ಸಿಕ್ಕಿರಲೂ ಇಲ್ಲ. ಜಲಾಶಯದ ಪೂರ್ವ ದಂಡೆಯಲ್ಲಿದ್ದ 7ನೇ ಪದಾತಿ ಡಿವಿಜನ್ನಿನ ಹಲವರ ಬಳಿ ಚಳಿಗಾಲದ ಉಡುಪು ಅರೆಬರೆ ಇತ್ತು. ಇದರ ಹಿಂದೆ ಒಂದು ಊಹೆ ಇತ್ತು. ನವೆಂಬರ್ 24ರಂದು ಜನರಲ್ ಮ್ಯಾಕ್‌ಆರ್ಥರ್ ಶುರು ಮಾಡಿದ ದಾಳಿಯ ಬಗ್ಗೆ, ಕ್ರಿಸ್‌ಮಸ್ ಹೊತ್ತಿಗೆ ಯುದ್ಧ ಮುಗಿದು ಹುಡುಗರು ಮನೆಗೆ ಹೋಗುತ್ತಾರೆ ಎಂಬ ಮಾತು ಹರಡಿತ್ತು.

ಆ ಚಳಿಯಲ್ಲಿ ಔಷಧವೂ ಹೆಪ್ಪುಗಟ್ಟಿತು. ವೈದ್ಯಕೀಯ ಸಹಾಯಕರು ಮಾರ್ಫಿನ್ ಕೊಳವೆಗಳನ್ನು ಬಾಯಲ್ಲಿಟ್ಟುಕೊಂಡು ಕರಗಿಸಿ ಗಾಯಾಳುಗಳಿಗೆ ಚುಚ್ಚಿದರು. ಡಬ್ಬಿಯ ಆಹಾರ ಕಲ್ಲಿನಂತಾಗಿ, ಅದನ್ನು ತಿಂದವರಿಗೆ ಹೊಟ್ಟೆಯ ಕಾಯಿಲೆ ಬಂತು. ಮರೀನ್ ಡಿವಿಜನ್ನಿನಲ್ಲಿ ಗುಂಡೇಟಲ್ಲದ ಕಾರಣಗಳಿಂದ ಕೆಲಸಕ್ಕೆ ಬಾರದಾದವರು ಸುಮಾರು 7,300 ಮಂದಿ. ಅವರಲ್ಲಿ ಹೆಚ್ಚಿನವರದ್ದು ಹಿಮಕಡಿತ ಮತ್ತು ಹೊಟ್ಟೆಯ ತೊಂದರೆ. ಹಿಮಕಡಿತ ಎಂದರೆ ಬೆರಳು, ಕಿವಿ, ಮೂಗಿನ ಮಾಂಸವೇ ಹೆಪ್ಪುಗಟ್ಟಿ ಸಾಯುವುದು. ತೀವ್ರವಾದರೆ ಅದನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ.

ಚೀನಾದ ಸೈನಿಕರ ಬಟ್ಟೆ

ಚೀನಾದ ಸೈನಿಕರ ಚಳಿಗಾಲದ ಸಮವಸ್ತ್ರ ನಮ್ಮ ರಜಾಯಿಯ ತಮ್ಮ ಎನ್ನಬಹುದು. ಎರಡು ಬಟ್ಟೆಗಳ ನಡುವೆ ಹತ್ತಿ ತುಂಬಿ, ಸಾಲು ಸಾಲಾಗಿ ಹೊಲಿದ ಕೋಟು ಮತ್ತು ಪ್ಯಾಂಟು. ಒಂದು ಮಗ್ಗುಲು ಸಾಸಿವೆ ಹಳದಿ, ಇನ್ನೊಂದು ಮಗ್ಗುಲು ಬಿಳಿ. ಹಿಮದಲ್ಲಿ ತಿರುಗಿಸಿ ಹಾಕಿಕೊಂಡರೆ ಶತ್ರುವಿಗೆ ಕಾಣುವುದಿಲ್ಲ. ಇದು ಬುದ್ಧಿವಂತಿಕೆಯ ಉಡುಪು. ಹಗುರ, ಅಗ್ಗ, ಒಣಗಿದ್ದಾಗ ಬೆಚ್ಚಗೆ. ಆದರೆ ಹೊಳೆ ದಾಟಿದಾಗ ಅಥವಾ ಬೆವರಿನಿಂದ ಒದ್ದೆಯಾದಾಗ ಹತ್ತಿ ಅಂಟಿಕೊಂಡು ಹಲಗೆಯಂತೆ ಗಟ್ಟಿಯಾಗುತ್ತಿತ್ತು. ಅದನ್ನು ಒಣಗಿಸಲು ಬೆಂಕಿ ಬೇಕು. ಬೆಂಕಿ ಹಚ್ಚಿದರೆ ಹೊಗೆ ನೋಡಿ ಅಮೆರಿಕದ ವಿಮಾನಗಳು ಬರುತ್ತಿದ್ದವು. ಕಾಲಿನಲ್ಲಿ ಬಹಳ ಜನರಿಗೆ ಇದ್ದದ್ದು ರಬ್ಬರು ತಳದ ಕ್ಯಾನ್ವಾಸ್ ಬೂಟು ಮಾತ್ರ.

9ನೇ ಸೇನಾ ಸಮೂಹಕ್ಕೆ ಇದಕ್ಕಿಂತ ದೊಡ್ಡ ತೊಂದರೆ ಇತ್ತು. ಈ ಪಡೆ ಪೂರ್ವ ಚೀನಾದ್ದು. ಮೊದಲು ತೈವಾನ್ ಮೇಲಿನ ದಾಳಿಗೆ ತಯಾರಿ ನಡೆಸುತ್ತಿತ್ತು. ಅವರ ಹತ್ತಿಯ ಉಡುಪು ಅಲ್ಲಿನ ಮೆದು ಚಳಿಗೆ ಹೊಲಿದದ್ದು. ಕೊರಿಯಾದ ಗಡಿಗೆ ಹತ್ತಿರದ ಈಶಾನ್ಯ ಚೀನಾದಲ್ಲಿ ನಿಂತು, ದಪ್ಪ ಬಟ್ಟೆ ಪಡೆದು, ಆಮೇಲೆ ಮುಂದೆ ಹೋಗಬೇಕಿತ್ತು. ಯುದ್ಧದ ಅವಸರದಲ್ಲಿ ರೈಲುಗಳನ್ನು ಮುಂದಕ್ಕೆ ಓಡಿಸಲಾಯಿತು. ಬಹಳ ಜನರಿಗೆ ಕೈಗವಸು ಇರಲಿಲ್ಲ, ಕಿವಿ ಮುಚ್ಚುವ ಟೋಪಿ ಇರಲಿಲ್ಲ, ಹತ್ತಿ ತುಂಬಿದ ಬೂಟು ಇರಲಿಲ್ಲ. ರಾತ್ರಿ ಒಂದೇ ರಜಾಯಿಯನ್ನು ಹಲವರು ಹಂಚಿಕೊಂಡು, ಒಬ್ಬರನ್ನೊಬ್ಬರು ಅಪ್ಪಿಕೊಂಡು ಮಲಗಿದರು. ಊಟಕ್ಕೆ ಹೆಪ್ಪುಗಟ್ಟಿದ ಆಲೂಗಡ್ಡೆ.

ಚೀನಾದ ಸೇನಾ ಇತಿಹಾಸವೇ ಕೊಡುವ ಲೆಕ್ಕದ ಪ್ರಕಾರ ಈ ಸಮೂಹದಲ್ಲಿ ಚಳಿಗೆ ಬಲಿಯಾದವರು ಮತ್ತು ಅಂಗ ಕಳೆದುಕೊಂಡವರು ಸೇರಿ ಸುಮಾರು 29 ಸಾವಿರ. ಅವರಲ್ಲಿ 4 ಸಾವಿರಕ್ಕೂ ಹೆಚ್ಚು ಜನ ಸತ್ತರು. ಯುದ್ಧದಲ್ಲಿ ಗುಂಡು, ಬಾಂಬಿಗೆ ಸಿಕ್ಕ ಅವರ ಸೈನಿಕರ ಸಂಖ್ಯೆ ಸುಮಾರು 19 ಸಾವಿರ. ಎಂದರೆ ಶತ್ರುವಿಗಿಂತ ಚಳಿಯೇ ಹೆಚ್ಚು ಜನರನ್ನು ಹೊಡೆಯಿತು. ಕೆಲವು ತುಕಡಿಗಳು ಹೊಂಚು ಹಾಕಿದ ಜಾಗದಲ್ಲೇ, ಬಂದೂಕು ಹಿಡಿದ ಭಂಗಿಯಲ್ಲೇ ಹೆಪ್ಪುಗಟ್ಟಿ ಸಿಕ್ಕವು. ಚೀನಾದಲ್ಲಿ ಅವರನ್ನು ಮಂಜುಗಡ್ಡೆಯ ಶಿಲ್ಪದ ಕಂಪನಿ ಎಂದು ನೆನೆಯುತ್ತಾರೆ. ಆ ಹುಡುಗರಲ್ಲಿ ಎಷ್ಟೋ ಜನ ನಮಗಿಂತ ಎರಡು ಮೂರು ವರ್ಷ ದೊಡ್ಡವರಷ್ಟೇ. ಅವರ ಧೈರ್ಯವನ್ನು ಹೊಗಳುವುದು ಸುಲಭ. ಅವರಿಗೆ ಕೈಗವಸು ಯಾಕೆ ತಲುಪಲಿಲ್ಲ ಎಂದು ಕೇಳುವುದು ಅದಕ್ಕಿಂತ ಮುಖ್ಯ ಎಂದು ನನಗೆ ಅನ್ನಿಸುತ್ತದೆ.

ಲೆಕ್ಕದಲ್ಲಿ ಹೆಸರಿಲ್ಲದವರು

ಈ ಎರಡು ಸೇನೆಗಳ ನಡುವೆ ಮೂರನೆಯ ಗುಂಪೊಂದಿತ್ತು. ಅವರು ಆ ಊರುಗಳ ಸಾಮಾನ್ಯ ಜನ. ಅಮೆರಿಕದ ಪಡೆಗಳು ಹಿಂದೆ ಸರಿದು ಹುಂಗ್‌ನಾಮ್ ಬಂದರಿಗೆ ಬಂದಾಗ ಹಿಂದಿನಿಂದ ಹೆಂಗಸರು, ಮಕ್ಕಳು, ಮುದುಕರು ಗಂಟು ಹೊತ್ತು ಹಿಮದಲ್ಲಿ ನಡೆದು ಬಂದರು. ಡಿಸೆಂಬರ್ 24ರ ಹೊತ್ತಿಗೆ ಸೈನಿಕರ ಜೊತೆ ಸುಮಾರು 1 ಲಕ್ಷ ನಾಗರಿಕರನ್ನೂ ಹಡಗುಗಳಲ್ಲಿ ದಕ್ಷಿಣಕ್ಕೆ ಸಾಗಿಸಲಾಯಿತು. ಮೆರಿಡಿತ್ ವಿಕ್ಟರಿ ಎಂಬ ಒಂದೇ ಸರಕು ಹಡಗಿನಲ್ಲಿ ಸುಮಾರು 14 ಸಾವಿರ ಜನ ತುಂಬಿಕೊಂಡು ಹೋದರು. ಸೈನಿಕನಿಗೆ ಕೋಟು ಕೊಡಬೇಕಾದ ಇಲಾಖೆ ಒಂದಿರುತ್ತದೆ. ಈ ಜನರಿಗೆ ಕೋಟು ಕೊಡಬೇಕಾದವರು ಯಾರೂ ಇರಲಿಲ್ಲ. ಮನೆಯಲ್ಲಿ ಏನಿತ್ತೋ ಅದನ್ನೇ ಹಾಕಿಕೊಂಡು ಹೊರಟವರು ಅವರು.

ನಮ್ಮ ದೇಶದ ಸಂಬಂಧ

ಭಾರತ ಆ ಯುದ್ಧಕ್ಕೆ ಬಂದೂಕು ಹಿಡಿದವರನ್ನು ಕಳಿಸಲಿಲ್ಲ, ವೈದ್ಯರನ್ನು ಕಳಿಸಿತು. ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ನೇತೃತ್ವದ 60ನೇ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್ 1950ರ ನವೆಂಬರಿನಲ್ಲಿ, ಅಂದರೆ ಇದೇ ಚಳಿಗಾಲದ ಆರಂಭದಲ್ಲಿ ಕೊರಿಯಾ ತಲುಪಿ ಗಾಯಾಳುಗಳ ಸೇವೆ ಮಾಡಿತು. ಯುದ್ಧ ನಿಂತ ಮೇಲೆ ಕೈದಿಗಳನ್ನು ಅವರವರ ದೇಶಕ್ಕೆ ಕಳಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾದವರು ನಮ್ಮ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ. 1953-54ರ ಚಳಿಗಾಲದಲ್ಲಿ ಸಾವಿರಾರು ಭಾರತೀಯ ಸೈನಿಕರು ಅಲ್ಲಿ ಡೇರೆಗಳಲ್ಲಿದ್ದು ಆ ಕೈದಿಗಳನ್ನು ಕಾಯ್ದರು.

ಕೊರಿಯಾದ ಚಳಿಯನ್ನು ನಮ್ಮ ಸೇನೆಯ ಹಿರಿಯರು ಹೀಗೆ ಕಣ್ಣಾರೆ ಕಂಡಿದ್ದರು. ಆದರೂ 1962ರ ಅಕ್ಟೋಬರಿನಲ್ಲಿ ಚೀನಾ ದಾಳಿ ಮಾಡಿದಾಗ, ನಾಮ್ಕಾ ಚು ಕಣಿವೆಯಲ್ಲಿದ್ದ ನಮ್ಮ ಸೈನಿಕರಲ್ಲಿ ಹಲವರು ಬೇಸಿಗೆಯ ಹತ್ತಿ ಸಮವಸ್ತ್ರ ಮತ್ತು ಕ್ಯಾನ್ವಾಸ್ ಬೂಟಿನಲ್ಲೇ ಇದ್ದರು. ಇನ್ನೊಬ್ಬರ ನಷ್ಟದಿಂದ ಕಲಿಯುವುದು ಎಷ್ಟು ಕಷ್ಟ ಎಂಬುದಕ್ಕೆ ಇದೇ ಸಾಕ್ಷಿ.

ವಾಣಿಜ್ಯದ ಕಣ್ಣಿನಿಂದ

ಈಗ ಮೊದಲಿನ ಅಧ್ಯಾಯಕ್ಕೆ ಬರೋಣ. ಇದರಿಂದ ನಾಲ್ಕು ವಿಷಯಗಳನ್ನು ಗುರುತಿಸಬಹುದು.

ಒಂದು, ಊಹೆ. ಎರಡೂ ಸೇನೆಗಳು ಬೇಗ ಮುಗಿಯುತ್ತದೆ ಅಥವಾ ಹೇಗೋ ಆಗುತ್ತದೆ ಎಂದು ನಂಬಿ ಹೊರಟವು. ಯುದ್ಧ ಯಾವಾಗ ಮುಗಿಯುತ್ತದೆ ಎಂದು ಯಾರೂ ಹೇಳಲಾರರು. ಡಿಸೆಂಬರಿನಲ್ಲಿ ಚಳಿ ಬರುತ್ತದೆ ಎಂದು ಎಲ್ಲರೂ ಹೇಳಬಲ್ಲರು. ಗೊತ್ತಿಲ್ಲದ್ದನ್ನು ನಂಬಿ ಗೊತ್ತಿರುವುದನ್ನು ಬಿಟ್ಟರು.

ಎರಡು, ಸಮಯ. ನಮ್ಮ ಅಂಗಡಿಯಲ್ಲಿ ರಜಾಯಿಗೆ ಗಿರಾಕಿ ಬರುವುದು ಚಳಿ ಬಿದ್ದ ಮೇಲೆ. ಆದರೆ ಅಬ್ಬಾ ಹತ್ತಿ ಮತ್ತು ಬಟ್ಟೆಯನ್ನು ತಿಂಗಳುಗಳ ಮೊದಲೇ ಕೊಂಡಿಡುತ್ತಾರೆ. ಗೋದಾಮಿನಲ್ಲಿ ಇರುವ ಕೋಟು ಸೈನಿಕನ ಮೈಮೇಲೆ ಇಲ್ಲದಿದ್ದರೆ ಅದು ದಾಸ್ತಾನು ಪುಸ್ತಕದ ಒಂದು ಸಾಲು ಮಾತ್ರ.

ಮೂರು, ಬಿಡಿ ಸಾಮಾನು. ದೊಡ್ಡ ಕೋಟಿನ ಬಗ್ಗೆ ಎಲ್ಲರೂ ಯೋಚಿಸುತ್ತಾರೆ. ಅಲ್ಲಿ ಕಾಲು ಉಳಿಸಿದ್ದು ಎರಡನೇ ಜೊತೆ ಕಾಲುಚೀಲ. ಅಳತೆಯೂ ಹಾಗೆಯೇ. ದಪ್ಪ ಕಾಲುಚೀಲ ಹಾಕಿದ ಮೇಲೆ ಬಿಗಿಯಾಗುವ ಬೂಟು ರಕ್ತ ಸಂಚಾರ ತಡೆದು ಹಿಮಕಡಿತಕ್ಕೆ ದಾರಿ ಮಾಡುತ್ತದೆ.

ನಾಲ್ಕು, ನಿಯಂತ್ರಣ. ಅಮೆರಿಕನ್ನರು ಚೋಸಿನ್ ನಂತರ ಶೂಪ್ಯಾಕ್ ಬದಲಿಗೆ ಹೊಸ ಬೂಟು ತಂದರು. ಎರಡು ರಬ್ಬರು ಪದರಗಳ ನಡುವೆ ಉಣ್ಣೆಯನ್ನು ಗಾಳಿಯಾಡದಂತೆ ಮುಚ್ಚಿಬಿಟ್ಟರು. ಕಾಲು ಬೆವರಿದರೂ ಬೆಚ್ಚಗಿಡುವ ಪದರ ಒದ್ದೆಯಾಗುವುದಿಲ್ಲ. ದಪ್ಪ ಆಕಾರದಿಂದಾಗಿ ಸೈನಿಕರು ಅದನ್ನು ಮಿಕ್ಕಿ ಮೌಸ್ ಬೂಟು ಎಂದು ಕರೆದರು. ತಪ್ಪಿನಿಂದ ಕಲಿತದ್ದು ಒಳ್ಳೆಯದೇ. ಆದರೆ ಬೆರಳು ಹೋದವರಿಗೆ ಅದು ತಡವಾಗಿತ್ತು.

ಲೆಕ್ಕಶಾಸ್ತ್ರದಲ್ಲಿ ಪ್ರತಿ ಖರ್ಚನ್ನೂ ಯಾವುದೋ ಒಂದು ಖಾತೆಗೆ ಬರೆಯಲೇಬೇಕು. ಬಟ್ಟೆ ತಡವಾದದ್ದರ ಖರ್ಚು ತಡ ಮಾಡಿದವರ ಖಾತೆಗೆ ಬೀಳಲಿಲ್ಲ. ಬೆಟ್ಟದ ಮೇಲೆ ಕೂತಿದ್ದ ಹುಡುಗನ ಖಾತೆಗೆ ಬಿತ್ತು. ನಾವು ನಾಳೆ ಅಂಗಡಿ, ಕಚೇರಿ, ಆಸ್ಪತ್ರೆ, ಶಾಲೆ ಎಲ್ಲಿಯೇ ಲೆಕ್ಕ ಬರೆಯಲು ಕೂತರೂ, ಒಂದು ಬೇಡಿಕೆ ಪತ್ರ ಮೇಜಿನ ಮೇಲೆ ಒಂದು ವಾರ ಹಾಗೇ ಉಳಿದರೆ ಅದರ ಬೆಲೆ ಯಾರು ಕೊಡುತ್ತಾರೆ ಎಂದು ಕೇಳಿಕೊಳ್ಳಬೇಕು. ಅಂಥ ಪ್ರಶ್ನೆ ಕೇಳುವ ಗುಮಾಸ್ತ ಒಬ್ಬನಿದ್ದರೂ ಕೆಲವರ ಕಾಲು ಉಳಿಯುತ್ತದೆ.

ಚರ್ಚೆಗೆ ಪ್ರಶ್ನೆಗಳು

1. ಒಂದು ದಪ್ಪ ಕೋಟಿಗಿಂತ ಮೂರು ತೆಳು ಪದರಗಳು ಯಾಕೆ ಉತ್ತಮ?

2. ಶೂಪ್ಯಾಕ್ ಬೂಟಿನ ತೊಂದರೆ ತಯಾರಿಕೆಯದೋ, ಬಳಕೆಯದೋ, ಸರಬರಾಜಿನದೋ? ಕಾರಣ ಕೊಡಿ.

3. ನಮ್ಮ ಊರಿನಲ್ಲಿ ದಿನಾಂಕ ಮೊದಲೇ ಗೊತ್ತಿದ್ದರೂ ಪ್ರತಿ ವರ್ಷ ತಡವಾಗುವ ಒಂದು ತಯಾರಿಯನ್ನು ಗುರುತಿಸಿ. ಅದರ ಖರ್ಚು ಯಾರ ಖಾತೆಗೆ ಬೀಳುತ್ತಿದೆ?